ಯಾವ ಬೇಜಾರು? ಮನಸ್ಸಿನ ಮಾತನ್ನು ಇಂಗ್ಲಿಷಿನಲ್ಲಿ ಹೇಳೋದು ಕಲಿಯುವ ಬಗೆ

ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಹೊಸತು. ಹತ್ತನೇ ಕ್ಲಾಸಿನವರೆಗೂ ನನ್ನದು ಕನ್ನಡ ಮೀಡಿಯಂ. ಆಮೇಲೆ ಇಂಗ್ಲಿಷ್ ಪುಸ್ತಕ ಓದಿ ಪರೀಕ್ಷೆ ಪಾಸಾಗಿದ್ದೆ, ಆದರೆ ಬಾಯಿಬಿಟ್ಟು ಮಾತಾಡಿದ್ದು ಕಡಿಮೆ. ಮೂರು ವಾರ ಕೂತು ನಾನು ಮಾಡಿದ್ದ ಒಂದು ವರದಿಯನ್ನು ಮೀಟಿಂಗಿನಲ್ಲಿ ಬೇರೆಯವರ ಹೆಸರಿನಲ್ಲಿ ತೋರಿಸಿದರು. ಮುಗಿದ ಮೇಲೆ ಮ್ಯಾನೇಜರ್ ನನ್ನ ಮುಖ ನೋಡಿ, ಏನಾಯ್ತು ಅಂತ ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು: ತುಂಬಾ ಬೇಜಾರಾಗಿದೆ. ಬಾಯಿಂದ ಬಂದದ್ದು, 'ಐ ಆ್ಯಮ್ ಬೋರ್ಡ್ ವಿತ್ ದಿಸ್ ವರ್ಕ್.' ಅವರು ತಲೆಯಾಡಿಸಿದರು. ಮುಂದಿನ ವಾರ ನನಗೆ ಬೇರೆ ಕೆಲಸ ಹಾಕಿದರು. ಆ ವರದಿ, ಅದರ ಮುಂದಿನ ಕೆಲಸ, ಎಲ್ಲ ನನ್ನ ಕೈಬಿಟ್ಟು ಹೋಯಿತು.

'ಬೋರ್ಡ್' ಅಂದರೆ ಹೊತ್ತು ಹೋಗದ ಬೇಜಾರು. ನನಗೆ ಆಗಿದ್ದು ಆ ಬೇಜಾರಲ್ಲ, ಮನಸ್ಸಿಗೆ ಪೆಟ್ಟು ಬಿದ್ದ ಬೇಜಾರು. 'ಐ ಫೀಲ್ ಹರ್ಟ್. ದಟ್ ವಾಸ್ ಮೈ ವರ್ಕ್.' ಇಷ್ಟು ಹೇಳಿದ್ದರೆ ಸಾಕಿತ್ತು. ಇದರಲ್ಲಿ ನನಗೆ ಗೊತ್ತಿಲ್ಲದ ಒಂದು ಪದವೂ ಇಲ್ಲ. ಅಂದರೆ ನನಗೆ ಕಡಿಮೆ ಬಿದ್ದದ್ದು ಪದವಲ್ಲ. ನನ್ನ ಕನ್ನಡದ ಪದ ಇಂಗ್ಲಿಷಿನ ಎಷ್ಟು ಪದಗಳಿಗೆ ಹಂಚಿಹೋಗುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅದನ್ನೇ ಇಲ್ಲಿ ಹೇಳಿಕೊಡೋಣ ಅಂತ ಕೂತಿದ್ದೇನೆ. ಇಂಗ್ಲಿಷ್ ಕಲಿಯುವ ಬಹಳ ಜನ ಬ್ಯಾಂಕು, ಬಸ್ಸು, ಇಂಟರ್‌ವ್ಯೂ ಇವುಗಳ ಮಾತು ಬೇಗ ಕಲಿಯುತ್ತಾರೆ. ಸಿಟ್ಟು ಬಂದಾಗ, ಹೆದರಿಕೆ ಆದಾಗ, ಎದುರು ನಿಂತು ಒಂದು ಮಾತು ಹೇಳಲೇಬೇಕಾದಾಗ ಮಾತ್ರ ಬಾಯಿ ಕಟ್ಟುತ್ತದೆ. ನಿಜವಾಗಿ ಮಾತು ಬೇಕಾಗೋದೇ ಆಗ, ಅಲ್ವಾ?

ಕನ್ನಡದ ಪದದಿಂದ ಶುರು ಮಾಡಿ

ಇಂಗ್ಲಿಷ್ ಪಟ್ಟಿಯಿಂದ ಶುರು ಮಾಡಬೇಡಿ. 'ನೂರು ಎಮೋಷನ್ ಪದಗಳು' ಅಂತ ಸಿಗುವ ಪಟ್ಟಿಗಳನ್ನು ನಾನೂ ಬಾಯಿಪಾಠ ಮಾಡಿದ್ದೇನೆ, ಒಂದೂ ಸಮಯಕ್ಕೆ ನೆನಪಾಗಲಿಲ್ಲ. ನೀವು ದಿನಾ ಬಳಸುವ ಒಂದು ಕನ್ನಡ ಪದ ತಗೊಳ್ಳಿ. ಅದನ್ನು ಹೋದ ಒಂದು ತಿಂಗಳಲ್ಲಿ ಎಲ್ಲೆಲ್ಲಿ ಹೇಳಿದ್ರಿ ಅಂತ ನೆನಪಿಸಿಕೊಳ್ಳಿ. ಆಮೇಲೆ ಒಂದೊಂದು ಸಂದರ್ಭಕ್ಕೂ ಬೇರೆ ಇಂಗ್ಲಿಷ್ ಪದ ಹುಡುಕಿ.

ಬೇಜಾರನ್ನೇ ನೋಡಿ. ಭಾನುವಾರ ಮಧ್ಯಾಹ್ನ ಕರೆಂಟಿಲ್ಲ, ಮಾಡೋಕೆ ಏನೂ ಇಲ್ಲ: 'ಐ ಆ್ಯಮ್ ಬೋರ್ಡ್.' ಗೆಳತಿ ಮದುವೆಗೆ ಎಲ್ಲರನ್ನೂ ಕರೆದು ನಿಮ್ಮನ್ನು ಮಾತ್ರ ಬಿಟ್ಟಳು: 'ಐ ಆ್ಯಮ್ ಹರ್ಟ್.' ಅವಳ ತಂದೆ ತೀರಿಹೋದ ಸುದ್ದಿ ಕೇಳಿದಿರಿ: 'ಐ ಆ್ಯಮ್ ಸ್ಯಾಡ್', ಅವಳ ಹತ್ತಿರ ಹೇಳುವಾಗ 'ಐ ಆ್ಯಮ್ ಸೋ ಸಾರಿ.' ಈ ಸಲ ಬಡ್ತಿ ಸಿಗುತ್ತೆ ಅಂದುಕೊಂಡಿದ್ರಿ, ಸಿಗಲಿಲ್ಲ: 'ಐ ಆ್ಯಮ್ ಡಿಸಪಾಯಿಂಟೆಡ್.' ಮನೆ ಓನರ್ ನಾಲ್ಕನೇ ಸಲ ನಲ್ಲಿ ರಿಪೇರಿ ಮುಂದಕ್ಕೆ ಹಾಕಿದರು: 'ಐ ಆ್ಯಮ್ ಫೆಡ್ ಅಪ್.' ಯಾಕೆ ಅಂತಲೇ ಗೊತ್ತಿಲ್ಲ, ಬೆಳಗ್ಗೆಯಿಂದ ಮನಸ್ಸು ಸರಿಯಿಲ್ಲ: 'ಐ ಆ್ಯಮ್ ಫೀಲಿಂಗ್ ಲೋ.' ನಾವು ಆರು ಕಡೆಯೂ ಬೇಜಾರು ಅಂದುಬಿಡುತ್ತೇವೆ. ಕೇಳುವವರಿಗೆ ನಮ್ಮ ದನಿ, ಮುಖ, ಸಂದರ್ಭ ಎಲ್ಲ ಗೊತ್ತಿರುವುದರಿಂದ ಯಾವ ಬೇಜಾರು ಅಂತ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪದವೇ ಮಾಡಬೇಕು.

ಇದನ್ನೇ ಉಲ್ಟಾ ಅರ್ಥ ಮಾಡಿಕೊಂಡು ಕನ್ನಡ ಬಡಭಾಷೆ ಅಂದುಕೊಳ್ಳಬೇಡಿ. ಕೋಪದ ವಿಷಯಕ್ಕೆ ಬನ್ನಿ. ಸಿಟ್ಟು, ರೇಗು, ಸಿಡುಕು, ಮುನಿಸು, ಕೆರಳು, ಉರಿದುಬೀಳು, ಎಷ್ಟಿದೆ ನೋಡಿ. ಸಿಡುಕಿದರೆ 'ಸ್ನ್ಯಾಪ್', ಕಿರಿಕಿರಿ ಆದರೆ 'ಇರಿಟೇಟೆಡ್' ಇಲ್ಲ 'ಅನಾಯ್ಡ್', ಉರಿದುಬಿದ್ದರೆ 'ಫ್ಯೂರಿಯಸ್'. ಆದರೆ ಮುನಿಸಿಗೆ ಇಂಗ್ಲಿಷಿನಲ್ಲಿ ಸರಿಸಾಟಿ ಇಲ್ಲ. ಮುನಿಸು ಬರೋದು ನಮ್ಮವರು ಅನ್ನಿಸಿಕೊಂಡವರ ಮೇಲೆ ಮಾತ್ರ, ಅವರು ಬಂದು ಮಾತಾಡಿಸಲಿ ಅನ್ನೋ ಆಸೆ ಅದರೊಳಗೇ ಇರುತ್ತದೆ. 'ಸಲ್ಕಿಂಗ್' ಅಂದರೆ ಚಿಕ್ಕ ಮಕ್ಕಳ ಹಾಗೆ ಮುಖ ಊದಿಸಿಕೊಂಡು ಕೂತಿದ್ದಾಳೆ ಅಂತ ಹಗುರ ಮಾಡಿದ ಹಾಗಾಗುತ್ತದೆ. ಹೆಂಡತಿಯ ಮುನಿಸನ್ನು ಹಾಗೆ ಕರೆಯಬೇಡಿ. 'ಶಿ ಈಸ್ ಅಪ್‌ಸೆಟ್ ವಿತ್ ಮಿ ಆ್ಯಂಡ್ ಈಸಂಟ್ ಟಾಕಿಂಗ್ ಟು ಮಿ' ಅಂತ ಬಿಡಿಸಿ ಹೇಳಿ. ಒಂದು ಪದಕ್ಕೆ ಒಂದು ಪದ ಸಿಗದಿದ್ದರೆ ಒಂದು ವಾಕ್ಯ ಹೇಳಿ, ತಪ್ಪೇನಿಲ್ಲ.

ನಾಚಿಕೆಯ ಹತ್ತಿರ ಸ್ವಲ್ಪ ಹುಷಾರಾಗಿರಿ. ಮೂರು ಪದಗಳು ಅಲ್ಲಿ ಕಲಸಿಹೋಗುತ್ತವೆ. ಹೊಸಬರ ಎದುರು ಮಾತು ಬರದ ಸ್ವಭಾವ 'ಶೈ'. ನಾಲ್ಕು ಜನರ ಎದುರು ಚಪ್ಪಲಿ ಕಿತ್ತುಹೋಗಿ ಮುಖ ಕೆಂಪಾಗೋದು 'ಎಂಬ್ಯಾರಸ್ಡ್'. ಸುಳ್ಳು ಹೇಳಿ ಸಿಕ್ಕಿಬಿದ್ದು ತಲೆ ತಗ್ಗಿಸೋದು 'ಅಶೇಮ್ಡ್'. ಮೊದಲನೆಯದು ಸ್ವಭಾವ, ಎರಡನೆಯದು ಸನ್ನಿವೇಶ, ಮೂರನೆಯದರಲ್ಲಿ ತಪ್ಪು ನಮ್ಮದು ಅಂತ ನಾವೇ ಒಪ್ಪಿಕೊಂಡ ಹಾಗೆ. ನನ್ನ ಪರಿಚಯದ ಹುಡುಗನೊಬ್ಬ ಇಂಟರ್‌ವ್ಯೂನಲ್ಲಿ, ಸ್ಟೇಜ್ ಮೇಲೆ ಮಾತಾಡೋಕೆ ನಾಚಿಕೆ ಅನ್ನೋದನ್ನು 'ಐ ಆ್ಯಮ್ ಅಶೇಮ್ಡ್ ಆಫ್ ಸ್ಪೀಕಿಂಗ್' ಅಂದ. ಕೇಳಿದವರು ಕ್ಷಣ ಹೊತ್ತು ಸುಮ್ಮನಾದರಂತೆ. ಇನ್ನು ಸಂಕೋಚ: ನೆಂಟರ ಮನೆಯಲ್ಲಿ ಇನ್ನೊಂದು ಹೋಳಿಗೆ ಬೇಕು ಅನ್ನಿಸಿದರೂ ಕೇಳಲಾಗದೆ ಕೂರುತ್ತೇವಲ್ಲ, ಅದಕ್ಕೆ 'ಐ ಫೆಲ್ಟ್ ಟೂ ಶೈ ಟು ಆಸ್ಕ್' ಸಾಕು.

ಭಯವನ್ನು ಹೊತ್ತಿನ ಮೇಲೆ ವಿಂಗಡಿಸಿದರೆ ಸುಲಭ. ನಾಳೆ ಪರೀಕ್ಷೆ, ಹೊಟ್ಟೆಯಲ್ಲಿ ಏನೋ ಒಂಥರಾ: 'ನರ್ವಸ್'. ಮಗ ಇನ್ನೂ ಮನೆಗೆ ಬಂದಿಲ್ಲ: 'ವರೀಡ್'. ಏನಾಗುತ್ತೋ ಏನೋ ಅಂತ ದಿನಗಟ್ಟಲೆ ಬಿಡದ ಕಳವಳ: 'ಆ್ಯಂಕ್ಷಸ್'. ಹಾವು ಎದುರಿಗೇ ಇದೆ: 'ಸ್ಕೇರ್ಡ್', ತುಂಬಾ ಹೆದರಿದರೆ 'ಟೆರಿಫೈಡ್'. ಗಾಬರಿಗೆ 'ಪ್ಯಾನಿಕ್'. ಬರೋದು ಬರುತ್ತೆ ಅಂತ ಗೊತ್ತಿದ್ದು, ಆ ದಿನ ಹತ್ತಿರ ಬಂದಷ್ಟೂ ಹೆಚ್ಚಾಗುವ ದಿಗಿಲು 'ಡ್ರೆಡ್'. ಈ ಕೊನೆಯದು ನನಗೆ ತುಂಬಾ ಇಷ್ಟವಾದ ಪದ, ಸೋಮವಾರದ ಮೀಟಿಂಗುಗಳಿಗೆ ಸರಿಯಾಗಿ ಹೊಂದುತ್ತದೆ.

'ಬಂತು', 'ಆಯ್ತು', 'ಮೇಲೆ'

ಇದನ್ನು ವ್ಯಾಕರಣ ಅಂತ ಹಾರಿಸಬೇಡಿ. ನಮ್ಮ ತಪ್ಪುಗಳಲ್ಲಿ ಜಾಸ್ತಿ ಪಾಲು ಇಲ್ಲೇ ಇದೆ.

ಕನ್ನಡದಲ್ಲಿ ಭಾವನೆ ನಮ್ಮ ಮನೆಗೆ ಬರುವ ನೆಂಟರ ಹಾಗೆ. ನನಗೆ ಕೋಪ ಬಂತು, ನೆತ್ತಿಗೇರಿತು, ಇಳಿಯಿತು, ಹೋಯಿತು. ಬರೋದು ಹೋಗೋದು ಎಲ್ಲ ಕೋಪದ್ದು, ನಾನು ಇದ್ದಲ್ಲೇ ಇದ್ದೇನೆ. ಇಂಗ್ಲಿಷಿನಲ್ಲಿ ಬದಲಾಗೋದು ನಾನೇ: 'ಐ' ಅಂತಲೇ ವಾಕ್ಯ ಶುರುವಾಗಬೇಕು. ಹಾಗಾಗಿ ಒಂದು ಸುಲಭ ಸೂತ್ರ ಇಟ್ಟುಕೊಳ್ಳಿ. ಕನ್ನಡದಲ್ಲಿ 'ಬಂತು' ಇದ್ದರೆ ಇಂಗ್ಲಿಷಿನಲ್ಲಿ 'ಗಾಟ್': ಕೋಪ ಬಂತು, 'ಐ ಗಾಟ್ ಆ್ಯಂಗ್ರಿ.' 'ಬರ್ತಿದೆ' ಇದ್ದರೆ 'ಐ ಆ್ಯಮ್ ಗೆಟಿಂಗ್ ಆ್ಯಂಗ್ರಿ.' 'ಇದೆ' ಇದ್ದರೆ 'ಐ ಆ್ಯಮ್ ಆ್ಯಂಗ್ರಿ.' ಕೋಪ ಇಳಿಯಿತು ಅನ್ನೋಕೆ 'ಐ ಕಾಮ್ಡ್ ಡೌನ್.' ಇದರಲ್ಲಿ 'ಲ' ಬರೆಯುತ್ತಾರೆ, ಹೇಳೋದಿಲ್ಲ.

ಎರಡನೆಯದು 'ಮೇಲೆ'. ನಮಗೆ ಕೋಪ ಯಾರದೋ ಮೇಲೆ ಬರುತ್ತದೆ, ಅದಕ್ಕೇ 'ಆ್ಯಂಗ್ರಿ ಆನ್ ಮಿ' ಅಂತ ಎಷ್ಟೋ ಜನ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಮನುಷ್ಯರಾದರೆ 'ಆ್ಯಂಗ್ರಿ ವಿತ್' ಇಲ್ಲ 'ಆ್ಯಂಗ್ರಿ ಅಟ್', ವಿಷಯವಾದರೆ 'ಆ್ಯಂಗ್ರಿ ಅಬೌಟ್'. ಹೆದರಿಕೆಗೆ, ನಾಚಿಕೆಗೆ, ಹೆಮ್ಮೆಗೆ, ಹೊಟ್ಟೆಕಿಚ್ಚಿಗೆ 'ಆಫ್': 'ಅಫ್ರೇಡ್ ಆಫ್', 'ಅಶೇಮ್ಡ್ ಆಫ್', 'ಪ್ರೌಡ್ ಆಫ್', 'ಜೆಲಸ್ ಆಫ್'. ಚಿಂತೆಗೆ 'ಅಬೌಟ್', ರೋಸಿಹೋಗಿದ್ದಕ್ಕೆ 'ವಿತ್'. ಇದಕ್ಕೆಲ್ಲ ಕಾರಣ ಹುಡುಕುತ್ತಾ ಕೂರಬೇಡಿ. 'ಅಫ್ರೇಡ್' ಅಂತ ಬಿಡಿಯಾಗಿ ಕಲಿಯದೆ 'ಅಫ್ರೇಡ್ ಆಫ್' ಅಂತ ಜೋಡಿಯಾಗಿ ಕಲಿಯಿರಿ. ಎತ್ತು ಕೊಳ್ಳುವಾಗ ಜೋಡಿ ನೋಡುವ ಹಾಗೆ.

'ಇಂಗ್' ಮತ್ತು 'ಎಡ್' ವಿಷಯ ಬೇಗ ಹೇಳಿಬಿಡುತ್ತೇನೆ. 'ಐ ಆ್ಯಮ್ ಬೋರಿಂಗ್' ಅಂದರೆ ನನ್ನ ಜೊತೆ ಇರೋರಿಗೆ ಬೋರಾಗುತ್ತದೆ ಅಂತ. ನಿಮಗೆ ಆಗಿದ್ದಕ್ಕೆ 'ಎಡ್', ನಿಮಗೆ ಹಾಗೆ ಮಾಡಿದ್ದಕ್ಕೆ 'ಇಂಗ್'. ಇಷ್ಟೇ.

ಇನ್ನೊಂದು ಬಲೆ, ಕನ್ನಡದೊಳಗೆ ಸೇರಿಹೋದ ಇಂಗ್ಲಿಷ್ ಪದಗಳು. 'ಅವಳು ಫೀಲ್ ಮಾಡ್ಕೊಂಡಳು' ಅಂತೀವಿ. 'ಶಿ ಈಸ್ ಫೀಲಿಂಗ್' ಅಂದರೆ ಇಂಗ್ಲಿಷಿನವರಿಗೆ ವಾಕ್ಯ ಮುಗಿದೇ ಇಲ್ಲ, ಏನು ಫೀಲಿಂಗ್ ಅಂತ ಕಾಯುತ್ತಾರೆ. 'ಹರ್ಟ್' ಸೇರಿಸಿ. ನಮ್ಮ 'ಮೂಡ್ ಔಟ್' ಬೇರೆ ಕಡೆ ಅರ್ಥವಾಗಲ್ಲ, 'ಐ ಆ್ಯಮ್ ಇನ್ ಎ ಬ್ಯಾಡ್ ಮೂಡ್' ಅನ್ನಿ. 'ಟೆನ್ಷನ್' ಆಗಿದ್ದರೆ 'ಐ ಆ್ಯಮ್ ಸ್ಟ್ರೆಸ್ಡ್' ಅಥವಾ 'ವರೀಡ್'. ಈ ಪದಗಳನ್ನು ಕನ್ನಡದಲ್ಲಿ ಬಿಡಬೇಕು ಅಂತ ನಾನು ಹೇಳ್ತಿಲ್ಲ. ಅವು ಈಗ ಕನ್ನಡದ ಪದಗಳು, ಇಂಗ್ಲಿಷಿಗೆ ವಾಪಸ್ ಕಳಿಸುವಾಗ ಅಷ್ಟೇ ಜಾಗ್ರತೆ.

ಹಿಡಿತದ ಮಾತುಗಳು

ಸಿಟ್ಟಿಗೆ ಪದ ಕಲಿಯೋದಕ್ಕಿಂತ ಸಿಟ್ಟನ್ನು ತಡೆದುಕೊಳ್ಳುವಾಗ ಬೇಕಾಗುವ ಪದಗಳನ್ನು ಮೊದಲು ಕಲಿಯಿರಿ. ಯಾಕಂದ್ರೆ ಅವು ಬೇಕಾಗೋದು ಯೋಚಿಸೋಕೆ ಟೈಮ್ ಇಲ್ಲದ ಹೊತ್ತಿನಲ್ಲಿ.

'ಟೆಂಪರ್' ಅನ್ನೋ ಪದವನ್ನು ನೋಡಿ. ನಾವು ಅದನ್ನು ಸಿಟ್ಟು ಅಂತಲೇ ತಿಳಿದಿದ್ದೇವೆ. ಅದರ ಬೇರು ಲ್ಯಾಟಿನ್‌ನಲ್ಲಿದೆ, ಅಳತೆ ನೋಡಿ ಸರಿಯಾಗಿ ಬೆರೆಸು ಅನ್ನೋ ಅರ್ಥ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹದ. ಕುಲುಮೆಯಲ್ಲಿ ಕಬ್ಬಿಣಕ್ಕೆ ಹದ ಕೊಡುವುದಕ್ಕೂ ಇಂಗ್ಲಿಷಿನಲ್ಲಿ 'ಟೆಂಪರ್' ಅಂತಲೇ ಹೆಸರು. ಹಾಗಾಗಿ 'ಐ ಲಾಸ್ಟ್ ಮೈ ಟೆಂಪರ್' ಅಂದರೆ ನನ್ನ ಹದ ತಪ್ಪಿತು. 'ಐ ಕೆಪ್ಟ್ ಮೈ ಟೆಂಪರ್' ಅಂದರೆ ಹದ ತಪ್ಪದೆ ಉಳಿದೆ. ಹೀಗೆ ತಿಳಿದ ಮೇಲೆ, ಸಿಟ್ಟನ್ನು 'ಕೀಪ್' ಮಾಡೋದು ಅಂದರೆ ಸಿಟ್ಟು ಇಟ್ಟುಕೊಳ್ಳೋದಾ ಅನ್ನೋ ಗೊಂದಲ ನನಗೆ ಮತ್ತೆ ಬರಲಿಲ್ಲ. 'ಪೇಶನ್ಸ್' ಕೂಡ ಹಾಗೇ, ಅದರ ಮೂಲ ತಾಳಿಕೊಳ್ಳು, ನೋವು ಸಹಿಸು ಅಂತ. ಆಸ್ಪತ್ರೆಯ 'ಪೇಶಂಟ್' ಅದೇ ಬೇರಿನ ಪದ. ನಮ್ಮ ತಾಳ್ಮೆಯೂ 'ತಾಳು' ಅನ್ನೋದರಿಂದಲೇ ಬಂದದ್ದು.

ತಡೆದುಕೊಳ್ಳೋದರಲ್ಲೂ ಬಗೆಗಳಿವೆ. ಹೇಳಬೇಕಾದ ಮಾತನ್ನು ಆ ಹೊತ್ತಿಗೆ ತಡೆದುಕೊಂಡೆ: 'ಐ ಹೆಲ್ಡ್ ಬ್ಯಾಕ್.' ಬೇರೆ ದಾರಿ ಇಲ್ಲದೆ ಸಹಿಸಿಕೊಂಡೆ: 'ಐ ಪುಟ್ ಅಪ್ ವಿತ್ ಇಟ್.' ಯಾರಿಗೂ ಹೇಳದೆ ಒಳಗೇ ನುಂಗಿಕೊಂಡೆ: 'ಐ ಬಾಟಲ್ಡ್ ಇಟ್ ಅಪ್.' ಕೊನೆಗೆ ತಾಳ್ಮೆ ಕೆಟ್ಟಿತು: 'ಐ ರ‍್ಯಾನ್ ಔಟ್ ಆಫ್ ಪೇಶನ್ಸ್.' ರೇಗಿಬಿಟ್ಟೆ: 'ಐ ಸ್ನ್ಯಾಪ್ಡ್ ಅಟ್ ಹಿಮ್.' ಈ ಐದನ್ನು ಇದೇ ಕ್ರಮದಲ್ಲಿ ಒಂದು ಕಥೆಯ ಹಾಗೆ ಹೇಳಿಕೊಳ್ಳಿ, ಎಷ್ಟೋ ಮನೆ, ಆಫೀಸುಗಳಲ್ಲಿ ನಡೆಯೋದು ಇದೇ ಕ್ರಮದಲ್ಲಿ.

ಒಂದು ಕಡೆ ಜಾರಬೇಡಿ. 'ನಾಲಿಗೆ ಕಚ್ಚಿಕೊಂಡೆ' ಅಂದರೆ ನಮಗೆ, ಮಾತು ಆಗಲೇ ಬಾಯಿಂದ ಹೊರಗೆ ಬಿದ್ದಿದೆ, ಛೆ ತಪ್ಪಾಯ್ತು ಅಂತ. ಇಂಗ್ಲಿಷಿನ 'ಐ ಬಿಟ್ ಮೈ ಟಂಗ್' ಅಂದರೆ ಮಾತು ಹೊರಗೆ ಬರಲೇ ಇಲ್ಲ, ತಡೆದುಕೊಂಡೆ ಅಂತ. ನಾಲಿಗೆ ಒಂದೇ, ಹಲ್ಲೂ ಒಂದೇ, ಅರ್ಥ ಹೆಚ್ಚುಕಮ್ಮಿ ಎದುರುಬದುರು. 'ಹಲ್ಲು ಕಚ್ಚಿಕೊಂಡು' ಅನ್ನೋದು ಮಾತ್ರ ಎರಡರಲ್ಲೂ ಹತ್ತಿರ ಹತ್ತಿರ ಒಂದೇ, 'ಐ ಗ್ರಿಟೆಡ್ ಮೈ ಟೀತ್.'

ಈಗ ಬಾಯಿಪಾಠ ಮಾಡಲೇಬೇಕಾದ ಮೂರು ವಾಕ್ಯ. ಬೇರೆ ಯಾವುದನ್ನೂ ಮಾಡದಿದ್ದರೂ ಪರವಾಗಿಲ್ಲ. 'ಐ ನೀಡ್ ಎ ಮಿನಿಟ್.' 'ಕ್ಯಾನ್ ವಿ ಟಾಕ್ ಅಬೌಟ್ ದಿಸ್ ಲೇಟರ್?' 'ಐ ಡೋಂಟ್ ವಾಂಟ್ ಟು ಸೇ ಸಮ್‌ಥಿಂಗ್ ಐ ವಿಲ್ ರಿಗ್ರೆಟ್.' ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಅಂತ ಹಿರಿಯರು ಹೇಳೋದು ಈ ಮೂರನೆಯದನ್ನೇ. ಇವುಗಳನ್ನು ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ ಜೋರಾಗಿ ಹೇಳಿ ನಾಲಿಗೆಗೆ ಅಂಟಿಸಿಕೊಳ್ಳಿ. ಹಾಗೇ ಎದುರಿನವರಿಗೆ ಸಿಟ್ಟು ಬಂದಿದ್ದಾಗ 'ಕಾಮ್ ಡೌನ್', 'ಕಂಟ್ರೋಲ್ ಯುವರ್‌ಸೆಲ್ಫ್' ಅನ್ನಬೇಡಿ. ಅದು ಆಜ್ಞೆ ಮಾಡಿದ ಹಾಗೆ ಕೇಳುತ್ತದೆ, ಉರಿಯೋದಕ್ಕೆ ತುಪ್ಪ ಸುರಿದ ಹಾಗಾಗುತ್ತದೆ. 'ಐ ಕ್ಯಾನ್ ಸೀ ಯು ಆರ್ ಅಪ್‌ಸೆಟ್' ಅಂದು ಸುಮ್ಮನಿರಿ.

ಹೆಸರು ಹೇಳೋದರಿಂದಲೇ ಭಾವನೆಯ ಬಿಸಿ ಸ್ವಲ್ಪ ಇಳಿಯುತ್ತದೆ ಅನ್ನೋದಕ್ಕೆ ಆಧಾರವೂ ಇದೆ. 2007ರಲ್ಲಿ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್ಮನ್ ಮತ್ತು ಜೊತೆಯವರು ಜನರಿಗೆ ಕೋಪ, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಮುಖದ ಭಾವನೆಗೆ ಸರಿಯಾದ ಪದ ಆರಿಸುವಾಗ, ಭಯಕ್ಕೆ ಕೂಡಲೇ ಸ್ಪಂದಿಸುವ ಅಮಿಗ್ಡಲ ಅನ್ನೋ ಭಾಗದ ಚಟುವಟಿಕೆ ಕಡಿಮೆಯಾಗಿದ್ದು ಕಂಡಿತು. ಹಾಗಾಗಿ ಮೀಟಿಂಗಿನ ಮಧ್ಯೆ ಮೈ ಬಿಸಿಯಾದರೆ, ಇದು ಯಾವುದು, 'ಹರ್ಟ್' ಆ, 'ಆ್ಯಂಗ್ರಿ' ಆ, 'ಎಂಬ್ಯಾರಸ್ಡ್' ಆ ಅಂತ ಒಳಗೇ ಕೇಳಿಕೊಳ್ಳಿ. ಪದವೂ ಅಭ್ಯಾಸವಾಗುತ್ತದೆ, ಅಷ್ಟರಲ್ಲಿ ಉಸಿರೂ ಹದಕ್ಕೆ ಬಂದಿರುತ್ತದೆ.

ಧೈರ್ಯಕ್ಕೆ ಎಷ್ಟು ಹೆಸರು

'ಕರೇಜ್' ಅಂತ ನಾವು ಎಳೆದು ಹೇಳುತ್ತೇವೆ. ಒತ್ತು ಮೊದಲ ಅಕ್ಷರದ ಮೇಲೆ ಬಿದ್ದು 'ಕರಿಜ್' ಅನ್ನೋ ಹಾಗೆ ಕೇಳಬೇಕು. 'ಕರೇಜಸ್' ಅನ್ನುವಾಗ ಮಾತ್ರ ನಡುವಿನ ಅಕ್ಷರ ಏಳುತ್ತದೆ. ಈ ಪದ ಹಳೆಯ ಫ್ರೆಂಚ್ ಮೂಲಕ ಬಂದದ್ದು, ಬೇರು ಲ್ಯಾಟಿನ್ ಭಾಷೆಯ 'ಕೋರ್', ಅಂದರೆ ಹೃದಯ. ನಮ್ಮಲ್ಲಿ ಎದೆಗಾರಿಕೆ, ಕೆಚ್ಚೆದೆ. ಇಲ್ಲಿ ಎರಡೂ ಭಾಷೆಗಳು ಒಂದೇ ಜಾಗಕ್ಕೆ ಕೈಯಿಟ್ಟು ತೋರಿಸುತ್ತವೆ. ಎದೆಗುಂದಿದ ಅನ್ನೋದು 'ಹಿ ಲಾಸ್ಟ್ ಹಾರ್ಟ್.' ಮನಸ್ಸು ಗಟ್ಟಿ ಮಾಡಿಕೊಂಡಳು ಅನ್ನೋದು 'ಶಿ ಪ್ಲಕ್ಡ್ ಅಪ್ ಹರ್ ಕರಿಜ್.' ಹುರಿದುಂಬಿಸೋದು 'ಎನ್‌ಕರಿಜ್', ಎದೆಗುಂದಿಸೋದು 'ಡಿಸ್‌ಕರಿಜ್'. ಒಂದು ಬೇರು ಹಿಡಿದರೆ ನಾಲ್ಕು ಪದ ಕೈಗೆ ಬರುತ್ತವೆ.

ದಿನದ ಮಾತಿಗೆ 'ಬ್ರೇವ್' ಸಾಕು. ಇಂಜೆಕ್ಷನ್‌ಗೆ ಅಳದ ಮಗುವಿಗೂ ಅದೇ, ಗಡಿಯ ಸೈನಿಕನಿಗೂ ಅದೇ. 'ಬೋಲ್ಡ್' ಸ್ವಲ್ಪ ಬೇರೆ, ಅಂಜದೆ ಮುಂದೆ ನುಗ್ಗುವ ಗುಣ. ಕನ್ನಡದಲ್ಲಿ ಹೆಣ್ಣುಮಕ್ಕಳಿಗೆ 'ಬೋಲ್ಡ್' ಅನ್ನುವಾಗ ಒಂದು ಕೊಂಕು ಸೇರಿಕೊಂಡಿದೆ, ಇಂಗ್ಲಿಷಿನಲ್ಲಿ ಒಂದು ನಿರ್ಧಾರವನ್ನು 'ಬೋಲ್ಡ್' ಅಂದರೆ ಸಾಮಾನ್ಯವಾಗಿ ಮೆಚ್ಚುಗೆಯೇ. 'ಗಟ್ಸ್' ಗೆಳೆಯರ ನಡುವಿನ ಮಾತು, ಅರ್ಜಿಯಲ್ಲಿ ಬರೆಯಬೇಡಿ. ಹುಂಬ ಧೈರ್ಯ, ಮೊಂಡು ಧೈರ್ಯಕ್ಕೆ 'ರೆಕ್‌ಲೆಸ್' ಇದೆ, ಅದು ಹೊಗಳಿಕೆ ಅಲ್ಲ. 'ಎಷ್ಟು ಧೈರ್ಯ ನಿನಗೆ!' ಅಂತ ಬೈಯೋದು 'ಹೌ ಡೇರ್ ಯು!' 'ನರ್ವ್' ಅನ್ನೋದು ಎರಡು ಕಡೆ ಬೀಳುತ್ತದೆ. 'ವಾಟ್ ಎ ನರ್ವ್!' ಅಂದರೆ ಎಂಥಾ ದಿಮಾಕು ಅಂತ. 'ಶಿ ಕೆಪ್ಟ್ ಹರ್ ನರ್ವ್' ಅಂದರೆ ಕಷ್ಟದ ಹೊತ್ತಲ್ಲೂ ಅವಳು ಧೃತಿಗೆಡಲಿಲ್ಲ ಅಂತ.

ಧೃತಿಗೆಡದ ಮಾತು ಬಂದರೆ ನನಗೆ ಚಿತ್ರದುರ್ಗದ ಕೋಟೆಯ ಆ ಕಿಂಡಿಯೇ ಕಣ್ಮುಂದೆ ಬರುತ್ತದೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿ ಬರುತ್ತಿದ್ದಾಗ ಓಬವ್ವ ಕೂಗಾಡಲಿಲ್ಲ, ಓಡಲಿಲ್ಲ. ಒನಕೆ ಹಿಡಿದು ಪಕ್ಕದಲ್ಲಿ ನಿಂತು, ಒಬ್ಬೊಬ್ಬನೇ ತಲೆ ಹಾಕಿದ ಹಾಗೆ ಹೊಡೆದು ಪಕ್ಕಕ್ಕೆ ಎಳೆದಳು ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅದರಲ್ಲಿ ಧೈರ್ಯ ಎಷ್ಟೋ ಹಿಡಿತವೂ ಅಷ್ಟೇ. ಈ ಕಥೆಯನ್ನು ಆರು ಇಂಗ್ಲಿಷ್ ವಾಕ್ಯದಲ್ಲಿ ಹೇಳಿ ನೋಡಿ. 'ಶಿ ವಾಸ್ ಅಲೋನ್. ಶಿ ಮಸ್ಟ್ ಹ್ಯಾವ್ ಬೀನ್ ಸ್ಕೇರ್ಡ್. ಶಿ ಡಿಡಂಟ್ ಪ್ಯಾನಿಕ್. ಶಿ ಡಿಡಂಟ್ ಕಾಲ್ ಔಟ್. ಶಿ ಕೆಪ್ಟ್ ಹರ್ ನರ್ವ್. ಶಿ ಸ್ಟುಡ್ ಹರ್ ಗ್ರೌಂಡ್.' ಕೊನೆಯದು ಕಾಲೂರಿ ನಿಂತಳು ಅಂತ. ಗೊತ್ತಿರುವ ಕಥೆ ಹೇಳುವಾಗ ಏನು ಹೇಳಲಿ ಅನ್ನೋ ತಲೆನೋವು ಇಲ್ಲ, ಹೇಗೆ ಹೇಳಲಿ ಅನ್ನೋದರ ಮೇಲೆ ಪೂರ್ತಿ ಗಮನ ಇಡಬಹುದು.

ನಮಗೆ ನಿಮಗೆ ದಿನಾ ಬೇಕಾಗೋದು ಒನಕೆಯ ಧೈರ್ಯ ಅಲ್ಲ, ಮಾತಿನ ಧೈರ್ಯ. ಬಾಯಿಬಿಟ್ಟು ಹೇಳೋದು 'ಸ್ಪೀಕ್ ಅಪ್'. ಇನ್ನೊಬ್ಬರ ಪರ ನಿಲ್ಲೋದು 'ಸ್ಟ್ಯಾಂಡ್ ಅಪ್ ಫಾರ್', ಇನ್ನೊಬ್ಬರನ್ನು ಎದುರಿಸಿ ನಿಲ್ಲೋದು 'ಸ್ಟ್ಯಾಂಡ್ ಅಪ್ ಟು'. ಒಂದು ಚಿಕ್ಕ ಪದ ಅದಲುಬದಲಾದರೆ ಪಕ್ಷವೇ ಬದಲಾಗುತ್ತದೆ, ಹಾಗಾಗಿ ಇವೆರಡನ್ನು ಒಟ್ಟಿಗೆ ಕಲಿಯಿರಿ. ತಪ್ಪು ನನ್ನದೇ ಅಂತ ಒಪ್ಪಿಕೊಳ್ಳೋದು 'ಓನ್ ಅಪ್'. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಧೈರ್ಯ ಬೇಕಾಗೋದು ಇದಕ್ಕೇ.

ಚೀಟಿ, ಡಬ್ಬಿ, ನಿಘಂಟು

ನಾನು ಮಾಡೋದು ಹೀಗೆ. ಮನೆಗೆ ಬರುವ ಮದುವೆ ಕಾರ್ಡುಗಳ ಖಾಲಿ ಬೆನ್ನನ್ನು ನಾಲ್ಕು ತುಂಡು ಮಾಡಿ ಇಟ್ಟುಕೊಳ್ಳುತ್ತೇನೆ. ಒಂದು ಬದಿಯಲ್ಲಿ ಕನ್ನಡದಲ್ಲಿ ಸಂದರ್ಭ ಬರೆಯುತ್ತೇನೆ. ಪದವನ್ನಲ್ಲ, ಸಂದರ್ಭವನ್ನು. 'ಬೇಜಾರು' ಅಂತ ಬರೆದರೆ ಉಪಯೋಗವಿಲ್ಲ. 'ತಮ್ಮ ಫೋನ್ ಮಾಡ್ತೀನಿ ಅಂದು ಮಾಡಲಿಲ್ಲ' ಅಂತ ಬರೆಯಬೇಕು. ಇನ್ನೊಂದು ಬದಿಯಲ್ಲಿ ಪೂರ್ತಿ ಇಂಗ್ಲಿಷ್ ವಾಕ್ಯ. ಚೀಟಿಗಳು ಖಾಲಿ ಸ್ವೀಟ್ ಡಬ್ಬಿಯಲ್ಲಿ, ರಟ್ಟು ಇಟ್ಟು ಮೂರು ಖಾನೆ. ಮೊದಲ ಖಾನೆ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ಭಾನುವಾರ. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ, ಮರೆತದ್ದು ಎಲ್ಲೇ ಇದ್ದರೂ ಮತ್ತೆ ಮೊದಲನೆಯದಕ್ಕೆ. ಈ ಉಪಾಯ ಜರ್ಮನ್ ಬರಹಗಾರ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿದ್ದು, ಈಗಿನ ಎಷ್ಟೋ ಮೊಬೈಲ್ ಆ್ಯಪ್‌ಗಳ ಹಿಂದೆ ಇರೋದೂ ಇದೇ ಲೆಕ್ಕ. ಆ್ಯಪ್ ಬಳಸಿದರೂ ಸರಿ, ಚೀಟಿಯನ್ನು ಮಾತ್ರ ನೀವೇ ಬರೆಯಿರಿ. ಬೇರೆಯವರ ಬೇಜಾರು ನಿಮಗೆ ನೆನಪಿರಲ್ಲ.

ಪದ ಹುಡುಕೋಕೆ ಎರಡು ಹೆಜ್ಜೆ. ಮೊದಲು ಕನ್ನಡದಿಂದ ಇಂಗ್ಲಿಷಿಗೆ: ವಿ. ಕೃಷ್ಣ ಅವರು ಕಟ್ಟಿದ 'ಅಲರ್' ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್‌ನಿಂದ ಅಚ್ಚಾದ ಕಿಟೆಲ್ ನಿಘಂಟೂ ಓದೋಕೆ ಸೊಗಸು, ಆದರೆ ಅದರ ಇಂಗ್ಲಿಷ್ ಆ ಕಾಲದ್ದು. ಇಷ್ಟಕ್ಕೇ ನಿಲ್ಲಬೇಡಿ. ಕೋಪ ಅಂತ ಹುಡುಕಿದರೆ ನಿಘಂಟುಗಳಲ್ಲಿ 'ಆ್ಯಂಗರ್' ಪಕ್ಕದಲ್ಲೇ 'ರಾತ್' ಅನ್ನೋ ಪದವೂ ಕೂತಿರುತ್ತದೆ, ಅದನ್ನು ಮ್ಯಾನೇಜರ್ ಹತ್ತಿರ ಬಳಸಿದರೆ ಪುರಾಣ ಓದಿದ ಹಾಗಿರುತ್ತದೆ. ಸಿಕ್ಕಿದ ಪದವನ್ನು ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ನ ಕಲಿಯುವವರ ನಿಘಂಟಿನಲ್ಲಿ ಮತ್ತೆ ನೋಡಿ. ಅಲ್ಲಿ ಉದಾಹರಣೆ ವಾಕ್ಯ ಇರುತ್ತದೆ, ಪದದ ಜೊತೆ 'ಆಫ್' ಬರುತ್ತದಾ 'ವಿತ್' ಬರುತ್ತದಾ ಅಂತ ಕಾಣುತ್ತದೆ, ಉಚ್ಚಾರಣೆಯೂ ಕೇಳಿಸುತ್ತದೆ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ಯಕ್ಷಗಾನ, ನಾಟಕ ನೋಡಿದವರಿಗೆ ನವರಸ ಗೊತ್ತೇ ಇದೆ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯಿಭಾವಗಳು, ಅಂದರೆ ಒಂದೊಂದು ರಸಕ್ಕೂ ಬೇರಾದ ಭಾವಗಳು: ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ (ಒಂಬತ್ತನೆಯ ರಸ ಶಾಂತ ಆಮೇಲೆ ಸೇರಿದ್ದು). ನೋಟ್‌ಬುಕ್ಕಿನಲ್ಲಿ ಎಂಟು ಪುಟ ಬಿಡಿ, ವಾರಕ್ಕೊಂದು ಪುಟ, ಪುಟಕ್ಕೆ ಐದಾರು ವಾಕ್ಯ ಸಾಕು. ವೀರರಸದ ಬೇರು ಕೋಪ ಅಲ್ಲ, ಉತ್ಸಾಹ ಅಂತ ಅಲ್ಲಿ ಹೇಳಿರೋದನ್ನು ಗಮನಿಸಿ. ಧೈರ್ಯದ ಪದಗಳನ್ನು ಸಿಟ್ಟಿನ ಪುಟದಲ್ಲಿ ಬರೆಯಬೇಡಿ ಅಂತ ನಾನು ಹೇಳೋದು ಅದಕ್ಕೇ.

ರಾತ್ರಿ ಮಲಗುವ ಮುಂಚೆ ಆ ದಿನದ ಒಂದು ಘಟನೆಯನ್ನು ಮೂರು ವಾಕ್ಯದಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ: ಏನಾಯ್ತು, ಏನನ್ನಿಸಿತು, ಏನು ಮಾಡಿದೆ. ಅಳತೆಗೆ 'ಎ ಬಿಟ್', 'ಕ್ವೈಟ್', 'ರಿಯಲಿ' ಸೇರಿಸಿಕೊಳ್ಳಿ. ಎಲ್ಲದಕ್ಕೂ 'ವೆರಿ ವೆರಿ' ಬೇಡ. ಆಫೀಸಿನಲ್ಲಿ ಯಾರಾದರೂ 'ಐ ಆ್ಯಮ್ ಎ ಬಿಟ್ ಡಿಸಪಾಯಿಂಟೆಡ್' ಅಂದರೆ ಎಷ್ಟೋ ಸಲ ಅದು ಬಿಟ್ ಅಲ್ಲ, ಜಾಸ್ತಿಯೇ.

ನಮ್ಮ ಪಕ್ಕದ ಮನೆಯ ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಮೂರನೇ ಕ್ಲಾಸಿನ ಮಗ ಒಂದು ತಿಂಗಳಿಂದ ಸ್ಕೂಲಿಗೆ ಹೊರಡುವಾಗ ಹೊಟ್ಟೆನೋವು ಅಂತಿದ್ದ. ಟೀಚರಿಗೆ ಕನ್ನಡ ಬರಲ್ಲ. ಏನು ಹೇಳಲಿ ಅಂತ ಸಂಜೆ ಬಂದು ಕೂತರು. ಅವನಿಗೆ ಭಯ, ನನಗೂ ಭಯ ಅಂದರು. ಯಾವ ಭಯ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಅವನಿಗೆ ಅಲ್ಲಿ ಏನೋ ಒಂದು ಕಂಡರೆ ಹೆದರಿಕೆ, ನನಗೆ ಅವನದೇ ಚಿಂತೆ ಅಂದರು. ಹೊಲಿಗೆ ಮೆಷಿನ್ ಪಕ್ಕದ ಗೋಡೆಗೆ ಎರಡು ಚೀಟಿ ಅಂಟಿಸಿದೆವು. 'ಐ ಆ್ಯಮ್ ವರೀಡ್ ಅಬೌಟ್ ಮೈ ಸನ್.' 'ಹಿ ಈಸ್ ಸ್ಕೇರ್ಡ್ ಆಫ್ ಸಮ್‌ಥಿಂಗ್ ಅಟ್ ಸ್ಕೂಲ್.' ನಾಲ್ಕು ದಿನ ಪೆಡಲ್ ತುಳಿಯುತ್ತಾ ಅದನ್ನೇ ಹೇಳಿಕೊಂಡರು.

ಶನಿವಾರ ಮಧ್ಯಾಹ್ನ ಸ್ಕೂಲಿಂದ ನೇರ ನಮ್ಮ ಮನೆಗೇ ಬಂದರು. ಎರಡು ವಾಕ್ಯವನ್ನೂ ಹೇಳಿದರಂತೆ. ಟೀಚರ್ ಕೈಲಿದ್ದ ಪೆನ್ನು ಕೆಳಗಿಟ್ಟು, ಅವರನ್ನು ಕೂರಿಸಿ, ವ್ಯಾನಿನಲ್ಲಿ ಅವನ ಪಕ್ಕ ಯಾರು ಕೂರುತ್ತಾರೆ ಅಂತ ವಿಚಾರಿಸಿದರಂತೆ. ವ್ಯಾನಿನ ದೊಡ್ಡ ಹುಡುಗರ ವಿಷಯ ಹೊರಗೆ ಬಂತು. ಅಕ್ಕ ಚೀಲ ಕೆಳಗಿಟ್ಟು ಒಂದು ಚೀಟಿ ಕೊಡು ಅಂದರು. ಸೋಮವಾರ ಟೀಚರ್‌ಗೆ, ನನಗೆ ಸಮಾಧಾನ ಆಯ್ತು ಅಂತ ಹೇಳಬೇಕು. ನಾನು ಪೆನ್ನು ಹುಡುಕುವಷ್ಟರಲ್ಲಿ ಅವರೇ ಅಂದರು: 'ಅಳೋರನ್ನ ಸಮಾಧಾನ ಮಾಡ್ತೀವಲ್ಲ, ಆ ಸಮಾಧಾನ ಅಲ್ಲ. ಎದೆ ಮೇಲಿನ ಭಾರ ಇಳೀತಲ್ಲ, ಅದು.'

'ರಿಲೀವ್ಡ್' ಅಂತ ಬರೆದುಕೊಟ್ಟೆ.